ಊಟಿ ರೈಲಿನ ಎಕ್ಸ್ ಕ್ಲಾಸ್ ಎಂಜಿನ್, 1:22.5 ಅಳತೆ: ಮೇಲಿನ ರಾಡು ಯಾವಾಗ ತಿರುಗಬೇಕು?

ಹಲ್ಲುಹಳಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಮೆಟ್ಟಿಲ ಕೆಳಗಿನ ಜಾಗದಲ್ಲಿ ಕೂತು ನೀಲಗಿರಿ ರೈಲಿನ ಎಕ್ಸ್ ಕ್ಲಾಸ್ ಎಂಜಿನ್ ಮಾಡುತ್ತಿದ್ದೇನೆ. ಕಿಟ್ ಅಲ್ಲ. ಹಿತ್ತಾಳೆ ಶೀಟು, ಹಿತ್ತಾಳೆ ಸರಳು, ಒಂದು ಪುಟಾಣಿ ಲೇತು, ಒಂದಿಷ್ಟು ಅರಗಳು. ಅಷ್ಟೇ ಬಂಡವಾಳ. ನೀಲಗಿರಿ ರೈಲು ಮೀಟರ್ ಗೇಜ್, ನನ್ನ ಹತ್ತಿರ ಇರುವುದು 45 ಮಿ.ಮೀ. ಅಗಲದ ಹಳಿ. ಹಾಗಾಗಿ 1:22.5, ಅಂದರೆ ಅಸಲಿಯ ಇಪ್ಪತ್ತೆರಡೂವರೆಯಲ್ಲಿ ಒಂದು ಭಾಗ. ಎಂಜಿನ್ ಅರ್ಧ ಮೀಟರಿನೊಳಗೇ ಮುಗಿಯುತ್ತದೆ.

ಈ ಎಂಜಿನ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಊರಿನ ಎಸ್‌ಎಲ್‌ಎಂ ಕಾರ್ಖಾನೆಯಲ್ಲಿ 1914ರಿಂದ ಕಟ್ಟಿದ್ದು. ಕೊನೆಯ ಐದು ಬಂದದ್ದು 1952ರಲ್ಲಿ. ಎಂಟು ದೊಡ್ಡ ಚಕ್ರ, ಹಿಂದೆ ಎರಡು ಸಣ್ಣವು. ಪಕ್ಕದಿಂದ ನೋಡಿದರೆ ಒಂದರ ಮೇಲೊಂದು ಕೂತ ಎರಡು ಸಿಲಿಂಡರು, ಆ ಕಡೆಯೂ ಹಾಗೇ ಎರಡು. ಕೆಳಗಿನದಕ್ಕೆ ಬಾಯ್ಲರಿನ ಹಬೆ ನೇರವಾಗಿ ಬರುತ್ತದೆ, ಅದು ಹಳಿ ಮೇಲಿನ ಚಕ್ರಗಳನ್ನು ತಿರುಗಿಸುತ್ತದೆ. ಅದು ಬಳಸಿ ಬಿಟ್ಟ ಹಬೆ ಮೇಲಿನ ಸಿಲಿಂಡರಿಗೆ ಹೋಗಿ, ಗೇರಿನ ಮೂಲಕ ಹಲ್ಲಿನ ಚಕ್ರಗಳನ್ನು, ಅಂದರೆ ಏರಿನಲ್ಲಿ ಹಳಿಗಳ ನಡುವಿನ ಹಲ್ಲಿನ ಪಟ್ಟಿಯನ್ನು ಕಚ್ಚಿ ಹತ್ತುವ ಚಕ್ರಗಳನ್ನು, ತಿರುಗಿಸುತ್ತದೆ. ನಡುವೆ ಗೇರು ಇರುವುದರಿಂದ ಮೇಲಿನ ಕ್ರ್ಯಾಂಕು (ಸಿಲಿಂಡರಿನ ರಾಡು ತಿರುಗಿಸುವ ತೋಳು) ಕೆಳಗಿನದಕ್ಕೆ ಉಲ್ಟಾ ತಿರುಗುತ್ತದೆ, ಅದಕ್ಕಿಂತ ಜೋರಾಗಿಯೂ ತಿರುಗುತ್ತದೆ.

ಇಷ್ಟು ತಿಳಿದುಕೊಂಡು ಒಂದೇ ಮೋಟಾರು ಹಾಕಿ, ಗೇರು ಜೋಡಿಸಿ, ಮೇಲಿನದು ಕೆಳಗಿನದು ಎರಡೂ ತಿರುಗುವ ಹಾಗೆ ಚಾಸಿ ಮುಗಿಸಿದ್ದೆ. ಹೋದ ತಿಂಗಳು ಹಳೇ ಫೋನಿನಲ್ಲಿದ್ದ ವಿಡಿಯೋ ಸಿಕ್ಕಿತು. ಬೆಟ್ಟದ ಬುಡದ ಮೆಟ್ಟುಪಾಳ್ಯಂ ಸ್ಟೇಷನ್ ಬಿಡುವಾಗ ನಾನೇ ತೆಗೆದದ್ದು. ಕೆಳಗಿನ ರಾಡು ತಿರುಗುತ್ತಿದೆ. ಮೇಲಿನದು ಸುಮ್ನೆ ನಿಂತಿದೆ!

ನಿಲ್ಲಲೇಬೇಕು ಅಲ್ವಾ. ಹಲ್ಲಿನ ಹಳಿ ಶುರುವಾಗುವುದೇ ಕಲ್ಲಾರಿನಲ್ಲಿ, ಮುಗಿಯುವುದು ಕುನ್ನೂರಿನಲ್ಲಿ. ಕಲ್ಲಾರಿನವರೆಗೆ ಮೇಲಿನ ಸಿಲಿಂಡರಿಗೆ ಕೆಲಸವೇ ಇಲ್ಲ. ಈಗ ನನ್ನ ಎಂಜಿನ್ ಸಪಾಟು ಹಳಿಯಲ್ಲೂ ಮೇಲೆ ಕೆಳಗೆ ಎರಡೂ ರಾಡು ಆಡಿಸುತ್ತದೆ. ನೋಡಿದಾಗಲೆಲ್ಲ ಹಲ್ಲಲ್ಲಿ ಕಲ್ಲು ಸಿಕ್ಕಿದ ಹಾಗೆ ಆಗುತ್ತಿದೆ. ಏನು ಮಾಡಲಿ?

ಪ್ಲಾಸ್ಟಿಕ್ ಪುಟ್ಟ, ಹುಬ್ಬಳ್ಳಿ

ಬಿಡ್ರಿ ಸರ್. ಮನೆಗೆ ಬಂದ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಮೇಲೆ ಒಂದು ರಾಡು ಇದೆ ಅನ್ನುವುದೂ ಗೊತ್ತಾಗುವುದಿಲ್ಲ. ಎರಡೂ ಉಲ್ಟಾಪಲ್ಟಾ ತಿರುಗಿದರೆ ನೋಡಲು ಚಂದ. ನಾನು 1:87ರಲ್ಲಿ ಪ್ಲಾಸ್ಟಿಕ್ ಶೀಟಿನಲ್ಲಿ ಮಾಡುವವನು, ನನ್ನ ಎಂಜಿನ್‌ಗಳ ಅರ್ಧ ಪೈಪು ಎಲ್ಲಿಗೂ ಹೋಗುವುದಿಲ್ಲ.

ಅಂದಹಾಗೆ ನಿಜವಾದ ಹಬೆಯಲ್ಲೇ ಓಡಿಸುವ ಯೋಚನೆ ಇಲ್ವಾ?

ಹಲ್ಲುಹಳಿ

ನಾಲ್ಕು ಸಿಲಿಂಡರು, ಅದರಲ್ಲಿ ಎರಡಕ್ಕೆ ಎಂಜಲು ಹಬೆ. ಈ ಅಳತೆಯಲ್ಲಿ ಆ ಹಬೆ ಮೇಲಿನ ಸಿಲಿಂಡರು ಮುಟ್ಟುವ ಹೊತ್ತಿಗೆ ನೀರಾಗಿರುತ್ತದೆ. ನನ್ನ ಕೈಲಿ ಆಗುವ ಕೆಲಸ ಅಲ್ಲ ಪುಟ್ಟ.

ಹತ್ತನೆಯವನು ನಾನೇ ಅಲ್ವಾ, ನನಗೆ ಗೊತ್ತಾಗುತ್ತದಲ್ಲ.

ಸವಿ, ಶಿವಮೊಗ್ಗ

ಎರಡು ಮೋಟಾರು ಹಾಕಿ ಅಣ್ಣ. ಹಳಿ ನಡುವೆ ಒಂದು ಮ್ಯಾಗ್ನೆಟ್, ಎಂಜಿನ್ ಹೊಟ್ಟೆಯಲ್ಲಿ ಒಂದು ರೀಡ್ ಸ್ವಿಚ್, ಮ್ಯಾಗ್ನೆಟ್ ಹತ್ತಿರ ಬಂದರೆ ತಾನೇ ಆನ್ ಆಗುವಂಥದ್ದು. ಹಲ್ಲಿನ ಹಳಿ ಬಂದ ತಕ್ಷಣ ಎರಡನೇ ಮೋಟಾರು ಶುರು. ನೂರು ರೂಪಾಯಿ ಒಳಗೆ ಸ್ವಿಚ್ಚಿನ ಕೆಲಸ ಆಗುತ್ತದೆ.

ಟೂಲ್‌ರೂಮ್ ತಾತ, ಬೆಂಗಳೂರು

ಸವಿ ಹೇಳಿದ್ದು ಆಗುತ್ತದೆ. ಆದರೆ ಎರಡು ಮೋಟಾರಿನ ವೇಗ ಒಂದಕ್ಕೊಂದು ಹೊಂದಬೇಕು. ಒಂದು ಚೂರು ಹೆಚ್ಚುಕಡಿಮೆ ಆದರೆ ಹಲ್ಲಿನ ಚಕ್ರ ಎಂಜಿನ್ನನ್ನು ಎಳೆಯುತ್ತದೆ, ಇಲ್ಲಾ ತಡೆಯುತ್ತದೆ. ಎತ್ತಿಗೊಂದು ದಾರಿ, ಗಾಡಿಗೊಂದು ದಾರಿ.

ಮಾರಾಯ, ಮೇಲಿನದಕ್ಕೆ ಮೋಟಾರು ಯಾಕೆ? ಹಲ್ಲಿನ ಚಕ್ರವನ್ನು ಮೋಟಾರಿನಿಂದ ಬಿಡಿಸಿಬಿಡು. ಅದರ ಪಾಡಿಗೆ ಅದು ಬಿಡುವಾಗಿ ತಿರುಗಲಿ. ಸಪಾಟು ಹಳಿಯಲ್ಲಿ ಅದಕ್ಕೆ ಏನೂ ತಗಲುವುದಿಲ್ಲ, ನಿಂತಿರುತ್ತದೆ, ಮೇಲಿನ ರಾಡೂ ನಿಂತಿರುತ್ತದೆ. ಹಲ್ಲಿನ ಹಳಿ ಬಂದ ಕೂಡಲೇ ಹಳಿಯೇ ಚಕ್ರ ತಿರುಗಿಸುತ್ತದೆ, ಚಕ್ರ ಗೇರನ್ನು, ಗೇರು ಮೇಲಿನ ಕ್ರ್ಯಾಂಕನ್ನು. ಸ್ವಿಚ್ಚಿಲ್ಲ, ವೈರಿಲ್ಲ.

ಹಲ್ಲುಹಳಿ

ತಾತ, ಇದು ಓದಿ ಅರ್ಧ ಗಂಟೆ ಸುಮ್ನೆ ಕೂತಿದ್ದೆ. ಇದು ನನಗೆ ಯಾಕೆ ಹೊಳೆಯಲಿಲ್ಲ?

ಆಲ್ಪ್ಸ್ ಅಂಚಿನಿಂದ, ಜ್ಯೂರಿಕ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇಲ್ಲಿಂದ ವಿಂಟರ್‌ಥೂರಿಗೆ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ. ಈ ಎಂಜಿನ್ನಿನ ದಾಯಾದಿಗಳು ಇಲ್ಲಿ ಇನ್ನೂ ಓಡುತ್ತಿವೆ. ಫುರ್ಕಾ ಬೆಟ್ಟದಲ್ಲಿ ರೆಯಾಲ್ಪ್‌ನಿಂದ ಓಬರ್‌ವಾಲ್ಡ್‌ಗೆ ಬೇಸಿಗೆಯಲ್ಲಿ ಹಬೆ ರೈಲು ಬಿಡುತ್ತಾರೆ. ಅದೂ ಎಸ್‌ಎಲ್‌ಎಂ ಕಟ್ಟಿದ್ದು, ಅದೂ ನಾಲ್ಕು ಸಿಲಿಂಡರಿನದು. ಅವುಗಳಲ್ಲಿ ಕೆಲವು ವಿಯೆಟ್ನಾಮಿಗೆ ಮಾರಿಹೋಗಿ, 1990ರಲ್ಲಿ ವಾಪಸ್ ಬಂದ ಎಂಜಿನ್‌ಗಳು. ಅದೇ ಒಂದು ದೊಡ್ಡ ಕಥೆ, ಇನ್ನೊಮ್ಮೆ ಹೇಳುತ್ತೇನೆ.

ತಾತನ ಉಪಾಯ ಜಾಣತನದ್ದು, ಒಪ್ಪುತ್ತೇನೆ. ಆದರೆ ಅದು ಸುಳ್ಳಲ್ವಾ? ನಿಜದಲ್ಲಿ ಹಲ್ಲಿನ ಚಕ್ರ ಹಳಿಯನ್ನು ತಳ್ಳುತ್ತದೆ. ನಿಮ್ಮಲ್ಲಿ ಹಳಿ ಚಕ್ರವನ್ನು ತಳ್ಳುತ್ತದೆ. ರಾಡು ತಿರುಗುವುದಷ್ಟೇ ಸರಿ, ಮಾಡುವ ಕೆಲಸ ಪೂರ್ತಿ ಉಲ್ಟಾ. 12 ಅಡಿ ಹೋದರೆ 1 ಅಡಿ ಏರುವ ಏರಿನಲ್ಲಿ ಬರೀ ಚಕ್ರದ ಹಿಡಿತದಿಂದ ಬೋಗಿ ತಳ್ಳುತ್ತದೆಯೇ?

ಹಲ್ಲುಹಳಿ

ಅದನ್ನು ಲೆಕ್ಕ ಹಾಕಿದೆ ಸರ್. ಎಂಜಿನ್ 2.8 ಕಿಲೋ. ಎರಡು ಬೋಗಿ, ತಲಾ 1.1 ಕಿಲೋ. ಒಟ್ಟು 5 ಕಿಲೋ. ಆ ಏರು ಹತ್ತಲು ಬೇಕಾದ ಎಳೆತ ಅದರ ಹನ್ನೆರಡರಲ್ಲಿ ಒಂದು ಭಾಗ, ಅಂದರೆ ಸುಮಾರು 415 ಗ್ರಾಂ. ಸಪಾಟು ಹಳಿಯ ಮೇಲೆ ಎಂಜಿನ್ನಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆಸಿದೆ. 430ಕ್ಕೆ ಚಕ್ರ ಜಾರಲು ಶುರು. ಬೇರಿಂಗು, ಗೇರು ತಿನ್ನುವುದನ್ನು ಸೇರಿಸಿದರೆ ಏನೂ ಉಳಿಯುವುದಿಲ್ಲ.

ಟೈರ್ ಅಂಗಡಿಗೆ ಹೋಗಿ ವ್ಹೀಲ್ ಬ್ಯಾಲೆನ್ಸಿಂಗಿಗೆ ಹಾಕುವ ಸೀಸದ ತುಂಡು ತಂದೆ. ಅರ್ಧ ಕಿಲೋ. ಎರಡೂ ಪಕ್ಕದ ನೀರಿನ ಟ್ಯಾಂಕಿನೊಳಗೆ ಸರಿಯಾಗಿ ಕೂತಿತು. ಈಗ 3.3 ಕಿಲೋ, ಎಳೆತ 500 ದಾಟಿದೆ. ಬೇಕಾದದ್ದು 458. ಏರಿನಲ್ಲಿ ಪರೀಕ್ಷೆ ಮಾಡಿ ಹೇಳುತ್ತೇನೆ.

ಸುಳ್ಳು ಅನ್ನುವುದಕ್ಕೆ ಉತ್ತರ ಇನ್ನೂ ಇಲ್ಲ.

ಕುನ್ನೂರು ಮಂಜು

ನಾನು ನೀಲಗಿರಿಯ ಬಡಗ ಸಮುದಾಯದವನು, ಊರು ಕುನ್ನೂರು. ಕನ್ನಡ ಮೈಸೂರಿನಲ್ಲಿ ಓದುವಾಗ ಕಲಿತದ್ದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಚಿಕ್ಕಂದಿನಿಂದ ಈ ಎಂಜಿನ್ ಸದ್ದಿಗೇ ಎದ್ದವನು.

ಒಂದು ವಿಷಯ. ಕಲ್ಲಾರಿನಲ್ಲಿ ಹಲ್ಲಿನ ಹಳಿ ಶುರುವಾಗುವ ಜಾಗದಲ್ಲಿ ಇಳಿದು ನೋಡಿದ್ದೀರಾ? ಮೊದಲ ತುಂಡು ಗಟ್ಟಿಯಾಗಿ ಕೂತಿಲ್ಲ, ಅದರ ಕೆಳಗೆ ಸ್ಪ್ರಿಂಗು. ಚಕ್ರದ ಹಲ್ಲು ಹಳಿಯ ಹಲ್ಲಿನ ಮೇಲೇ ಬಂದು ಕೂತರೆ ತುಂಡು ಕೆಳಗೆ ಬಗ್ಗುತ್ತದೆ. ಹಲ್ಲಿಗೆ ಸಂದು ಸಿಕ್ಕ ತಕ್ಷಣ ಮೇಲೆ ಬರುತ್ತದೆ. ಡ್ರೈವರ್ ಅಲ್ಲಿ ಆಮೆ ನಡಿಗೆಯಲ್ಲಿ ಬರುತ್ತಾನೆ. ಒಳಗೆ ಹೊಕ್ಕ ಮೇಲೆ ಸದ್ದೇ ಬೇರೆ. ಹಲ್ಲಿನ ದಾರಿಯಲ್ಲಿ ಗಂಟೆಗೆ 13 ಕಿಲೋಮೀಟರ್ ಅಷ್ಟೇ, ಆದರೆ ಕೇಳಿದರೆ ಓಡುತ್ತಿದೆ ಅನಿಸುತ್ತದೆ.

ಇನ್ನೊಂದು. ಕಲ್ಲಿದ್ದಲಿನ ಎಂಜಿನ್ ಮಾಡುತ್ತಿದ್ದೀರೋ, ಎಣ್ಣೆಯದ್ದೋ? ತಿರುಚಿರಾಪಳ್ಳಿಯ ಪೊನ್ಮಲೈ ವರ್ಕ್‌ಶಾಪಿನಲ್ಲಿ ಹೊಸದಾಗಿ ಕಟ್ಟಿದವುಗಳಲ್ಲಿ ಹಲವು ಎಣ್ಣೆಯವು. ಹಿಂಭಾಗ ನೋಡಿ ಮಾಡಿ, ಎರಡೂ ಒಂದೇ ಅಲ್ಲ.

ಹಲ್ಲುಹಳಿ

ಕಲ್ಲಿದ್ದಲಿನದ್ದೇ. ಹಳೇ ಸ್ವಿಸ್ ಎಂಜಿನ್.

ಹಿಂಭಾಗದ ಮಾತು ಬಂದಿತಲ್ಲ, ಒಂದು ಸಂಕಟ ಹೇಳಿಕೊಳ್ಳುತ್ತೇನೆ. ಒಂದು ಕಡೆಯಿಂದ ದುಡ್ಡು ಕೊಟ್ಟು ಡ್ರಾಯಿಂಗ್ ತರಿಸಿದ್ದೆ. ಯಾರು ಅಂತ ಬೇಡ. ಮೂರನೇ ನಾಲ್ಕನೇ ಚಕ್ರದ ನಡುವಿನ ಅಂತರವೇ ತಪ್ಪು. ಮೊದಲ ಫ್ರೇಮು ಆ ಡ್ರಾಯಿಂಗಿಗೆ ಬಲಿ. ಆಮೇಲೆ ಕುನ್ನೂರಿಗೆ ಹೋಗಿ, ಎಂಜಿನ್ನಿನ ಪಕ್ಕಕ್ಕೆ ಸರಿಯಾಗಿ ಎದುರು, ಆದಷ್ಟು ದೂರ ನಿಂತು ಜೂಮ್ ಹಾಕಿ ಫೋಟೋ ತೆಗೆದೆ. ಹತ್ತಿರ ನಿಂತರೆ ಫೋಟೋದಲ್ಲಿ ಅಳತೆ ಕೆಡುತ್ತದೆ. ಮುಂದಿನಿಂದ ಇನ್ನೊಂದು ಫೋಟೋ. ಹಳಿಯ ಅಗಲ 1000 ಮಿ.ಮೀ. ಅನ್ನುವುದು ಕಲ್ಲಿನಲ್ಲಿ ಬರೆದ ಹಾಗೆ, ಅದನ್ನು ಹಿಡಿದು ಬಫರಿನ ಎತ್ತರ ತೆಗೆದೆ. ಆ ಎತ್ತರ ಪಕ್ಕದ ಫೋಟೋದಲ್ಲೂ ಇದೆಯಲ್ಲ, ಅದರಿಂದ ಉಳಿದದ್ದೆಲ್ಲ.

ಸ್ಪ್ರಿಂಗಿನ ವಿಷಯ ಗೊತ್ತಿರಲಿಲ್ಲ. ತುಂಬಾ ಥ್ಯಾಂಕ್ಸ್.

ಹಲ್ಲುಹಳಿ (ಮೂರು ವಾರದ ನಂತರ)

ಸುದ್ದಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ.

ಹಲ್ಲಿನ ಹಳಿ ಮಾಡಿಸಿದೆ. ಇದು ಆಪ್ಟ್ ಪದ್ಧತಿ. ರೋಮನ್ ಆಪ್ಟ್ ಅನ್ನುವ ಸ್ವಿಸ್ ಎಂಜಿನಿಯರ್ 1882ರಲ್ಲಿ ಪೇಟೆಂಟ್ ಪಡೆದದ್ದು. ಹಳಿಗಳ ನಡುವೆ ಎರಡು ಹಲ್ಲಿನ ಪಟ್ಟಿ ಪಕ್ಕಪಕ್ಕ. ಒಂದರ ಹಲ್ಲು ಇರುವಲ್ಲಿ ಇನ್ನೊಂದರ ಸಂದು. ಹಾಗಾಗಿ ಯಾವ ಗಳಿಗೆಯಲ್ಲೂ ಒಂದಲ್ಲ ಒಂದು ಹಲ್ಲು ಪೂರ್ತಿ ಕಚ್ಚಿರುತ್ತದೆ. ನಿಜದಲ್ಲಿ ಹಲ್ಲಿನಿಂದ ಹಲ್ಲಿಗೆ 120 ಮಿ.ಮೀ., ನನ್ನ ಅಳತೆಗೆ 5.33. ಆ ಅಳತೆಗೆ ಗೇರ್ ಕಟರ್ ಅಂಗಡಿಯಲ್ಲಿ ಸಿಗುವುದಿಲ್ಲ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಬ್ಬರ ಹತ್ತಿರ ವೈರ್‌ಕಟ್ ಮೆಷಿನ್ ಇದೆ. ಕಂಪ್ಯೂಟರಿನಲ್ಲಿ ಏನು ಬರೆದುಕೊಟ್ಟರೂ ಆ ತಂತಿ ಕೊರೆದುಕೊಡುತ್ತದೆ. 20 ಹಲ್ಲಿನ ಚಕ್ರ, ಜೋಡಿ ತಟ್ಟೆ, ಅರ್ಧ ಹಲ್ಲು ಹಿಂದೆಮುಂದೆ ಮಾಡಿ ಬೆಸುಗೆ ಹಾಕಿದ್ದು. ನಮ್ಮ ಬೀದಿಯ ಅಕ್ಕಸಾಲಿ ಬಿಳಿಗಾರ ಕೊಟ್ಟು, ಬೆಸುಗೆ ಹರಿಯುವ ಬಣ್ಣ ಯಾವುದು ಅಂತ ಪಕ್ಕದಲ್ಲಿ ನಿಂತು ತೋರಿಸಿಕೊಟ್ಟರು.

ಕೆಟ್ಟ ಸುದ್ದಿ. ಎಂಜಿನ್ ಏರುತ್ತದೆ, ಮೇಲಿನ ರಾಡು ತಿರುಗುತ್ತದೆ, ಆದರೆ ಪ್ರತಿ 30 ಸೆಂ.ಮೀ.ಗೆ ಒಮ್ಮೆ ‘ಖಟ್’ ಅಂತ ಹಾರುತ್ತದೆ. ಎಣಿಸಿದ ಹಾಗೆ, ಪಟ್ಟಿಯ ಜಾಯಿಂಟಿನಲ್ಲೇ. ಚಕ್ರ ಬಿಚ್ಚಿ ನೋಡಿದೆ, ಹಲ್ಲು ಸರಿ ಇದೆ. ಪಟ್ಟಿ ಅಳೆದೆ, ಅದೂ ಸರಿ ಇದೆ.

ಟೂಲ್‌ರೂಮ್ ತಾತ

ಪಟ್ಟಿಯ ಉದ್ದ ಎಷ್ಟು?

ಹಲ್ಲುಹಳಿ

ಸರಿಯಾಗಿ 300 ಮಿ.ಮೀ. ಶೀಟು ಆ ಅಳತೆಯಲ್ಲೇ ಇತ್ತು.

ಟೂಲ್‌ರೂಮ್ ತಾತ

300ನ್ನು 5.33ರಿಂದ ಭಾಗಿಸು.

ಹಲ್ಲುಹಳಿ

56.25.

ಅಯ್ಯೋ.

ಟೂಲ್‌ರೂಮ್ ತಾತ

ಹ್ಞೂಂ. ಪ್ರತಿ ಜಾಯಿಂಟಿನಲ್ಲಿ ಕಾಲು ಹಲ್ಲು ಜಾಸ್ತಿ. ಪಟ್ಟಿ ಸರಿ ಇದೆ, ಚಕ್ರ ಸರಿ ಇದೆ, ಲೆಕ್ಕ ಮಾತ್ರ ಹಾಕಿಲ್ಲ. 56 ಹಲ್ಲಿಗೆ 298.7 ಬರುತ್ತದೆ. ಒಂದೂಕಾಲು ಮಿಲಿಮೀಟರಿನ ಮೇಲೆ ಚೂರು ಅರದಲ್ಲಿ ತೆಗೆ. ವರ್ನಿಯರಿನಲ್ಲಿ ಉದ್ದ ನೋಡಬೇಡ. ಎರಡು ಪಟ್ಟಿ ತುದಿಗೆ ತುದಿ ಇಟ್ಟು, ಮೂರನೇ ಪಟ್ಟಿಯನ್ನು ತಲೆಕೆಳಗು ಮಾಡಿ ಜಾಯಿಂಟಿನ ಮೇಲೆ ಕಚ್ಚಿಸು. ಅಲುಗಾಡದೆ ಕೂತರೆ ಸರಿ.

ಜೋಡಿ ಪಟ್ಟಿಗಳ ಜಾಯಿಂಟು ಒಂದೇ ಜಾಗದಲ್ಲಿ ಬರಬಾರದು. ಒಂದರ ಜಾಯಿಂಟು ಇನ್ನೊಂದರ ಮಧ್ಯಕ್ಕೆ. ದೊಡ್ಡ ರೈಲಿನಲ್ಲೂ ಹಾಗೇ ಮಾಡುತ್ತಾರೆ.

ಸವಿ, ಶಿವಮೊಗ್ಗ

ತಾತ, ನೀವು ನಮ್ಮ ಪಾಲಿಟೆಕ್ನಿಕ್‌ಗೆ ಬಂದು ಪಾಠ ಮಾಡಬೇಕಿತ್ತು.

ಹಲ್ಲುಹಳಿ

ಹದಿನಾರು ಪಟ್ಟಿ ಅರದಲ್ಲಿ ಉಜ್ಜಿದ್ದಾಯಿತು. ಎರಡು ಸಂಜೆ. ತಲೆಕೆಳಗಿನ ಪಟ್ಟಿಯ ಉಪಾಯ ಬಂಗಾರ. ಒಂದು ಕೂದಲು ಉಳಿದರೂ ಪಟ್ಟಿ ತೊಟ್ಟಿಲಿನ ಹಾಗೆ ತೂಗುತ್ತದೆ, ಕೈಗೇ ತಿಳಿಯುತ್ತದೆ. ‘ಖಟ್’ ಹೋಯಿತು.

ಕುನ್ನೂರು ಮಂಜು ಅವರು ಹೇಳಿದ ಸ್ಪ್ರಿಂಗ್ ತುಂಡೂ ಮಾಡಿದೆ. ಮೊದಲು ಗಟ್ಟಿಯಾಗಿ ಕೂರಿಸಿದ್ದಾಗ ಐದು ಸಲಕ್ಕೆ ಎರಡು ಸಲ ಹಲ್ಲಿನ ಮೇಲೆ ಹಲ್ಲು ಕೂತು, ಎಂಜಿನ್ ಮುಂದುಗಡೆ ಎದ್ದು, ಚಕ್ರ ಹಳಿ ತಪ್ಪುತ್ತಿತ್ತು. ಈಗ 8 ಸೆಂ.ಮೀ. ಉದ್ದದ ತುಂಡು, ಏರಿನ ಕಡೆ ಹಿಂಜ್, ಈ ಕಡೆ ತುದಿಯ ಕೆಳಗೆ ಗಿಟಾರ್ ತಂತಿ ಬಗ್ಗಿಸಿ ಮಾಡಿದ ಸ್ಪ್ರಿಂಗು. ಮೊದಲ ಐದು ಹಲ್ಲನ್ನು ತಗ್ಗಿನಿಂದ ಎತ್ತರಕ್ಕೆ ಮೆಟ್ಟಿಲಿನ ಹಾಗೆ ಉಜ್ಜಿದ್ದೇನೆ. ಕಣ್ಣು ಹಳಿಯ ಮಟ್ಟಕ್ಕೆ ಇಟ್ಟು ನೋಡಿದರೆ ಚಂದ. ಚಕ್ರ ಬಂದು ಮೊದಲ ಹಲ್ಲನ್ನು ಮುಟ್ಟುತ್ತದೆ, ತುಂಡು ತಲೆ ಬಗ್ಗಿಸುತ್ತದೆ, ಎರಡನೆಯದರಲ್ಲಿ ಒಂಚೂರು ನಡುಗುತ್ತದೆ, ಮೂರನೆಯದರಲ್ಲಿ ‘ಟಿಕ್’ ಅಂತ ಮೇಲೆದ್ದು ಕಚ್ಚಿಕೊಳ್ಳುತ್ತದೆ. ಅದೇ ಕ್ಷಣಕ್ಕೆ ಮೇಲಿನ ರಾಡು ನಿದ್ದೆಯಿಂದ ಎದ್ದ ಹಾಗೆ ಹೊರಡುತ್ತದೆ. ಉಲ್ಟಾ. ಎರಡು ಪಟ್ಟು ಜೋರಾಗಿ. ಗೇರು 40 ಹಲ್ಲಿಗೆ 20 ಹಲ್ಲು ಇಟ್ಟಿದ್ದೇನೆ.

ಮಗಳು ಹತ್ತು ಸಲ ಮಾಡಿಸಿದಳು.

ಪ್ಲಾಸ್ಟಿಕ್ ಪುಟ್ಟ, ಹುಬ್ಬಳ್ಳಿ

ವಿಡಿಯೋ ನೋಡಿದೆ. ನನ್ನ ಮೊದಲನೇ ಮಾತು ವಾಪಸ್ ತಗೊಂಡೆ ಸರ್.

ಆಲ್ಪ್ಸ್ ಅಂಚಿನಿಂದ, ಜ್ಯೂರಿಕ್

ನಾನೂ ನೋಡಿದೆ. ಸೊಗಸಾಗಿದೆ. ನನ್ನ ತಕರಾರು ಮಾತ್ರ ಹಾಗೇ ಇದೆ. ಹತ್ತುವುದು ಸರಿ, ಇಳಿಯುವುದು? ಹಲ್ಲಿನ ಹಳಿ ಇರುವುದು ಹತ್ತಲಿಕ್ಕೆ ಎಷ್ಟೋ, ಇಳಿಯಲಿಕ್ಕೂ ಅಷ್ಟೇ. ಎಂಜಿನ್ ಯಾವಾಗಲೂ ಇಳಿಜಾರಿನ ಕಡೆಯೇ ಇರುತ್ತದೆ. ಹತ್ತುವಾಗ ಬೋಗಿಗಳನ್ನು ಹಿಂದಿನಿಂದ ತಳ್ಳುತ್ತದೆ, ಇಳಿಯುವಾಗ ಕೆಳಗೆ ನಿಂತು ಇಡೀ ರೈಲನ್ನು ಹೆಗಲ ಮೇಲೆ ತಡೆಯುತ್ತದೆ. ನಿಮ್ಮ ಚಕ್ರ ಬಿಡುವಾಗಿ ತಿರುಗುತ್ತದಲ್ಲ, ಅದು ಏನನ್ನು ತಡೆಯುತ್ತದೆ? ಇಳಿಜಾರಿನ ಮಧ್ಯದಲ್ಲಿ ಕರೆಂಟು ತೆಗೆದು ನೋಡಿ.

ಹಲ್ಲುಹಳಿ

ತೆಗೆದು ನೋಡಿದೆ. ಮೋಟಾರಿಗೆ ವರ್ಮ್ ಗೇರು ಇದೆ, ಕರೆಂಟು ಹೋದರೆ ಚಕ್ರ ಕಲ್ಲಿನ ಹಾಗೆ ನಿಲ್ಲುತ್ತದೆ. ಮೊದಲ ದಿನ ಎರಡು ಬೋಗಿಯನ್ನೂ ತಡೆಯಿತು. ಬೀಗುತ್ತಾ ಬರೆಯೋಣ ಅಂತಿದ್ದೆ.

ಮಾರನೇ ದಿನ ಹಲ್ಲಿಗೆ ಗ್ರೀಸು ಹಚ್ಚಿದೆ. ಅದು ಸಿಡಿದು ಪಕ್ಕದ ಹಳಿಗೂ ಹತ್ತಿದೆ, ನಾನು ನೋಡಿಲ್ಲ. ಮಧ್ಯದಲ್ಲಿ ನಿಲ್ಲಿಸಿದೆ. ಒಂದು ಕ್ಷಣ ನಿಂತಿತು. ಆಮೇಲೆ ಚಕ್ರ ತಿರುಗದೆಯೇ, ನಿಂತ ನಿಲುವಿನಲ್ಲೇ ಇಡೀ ರೈಲು ಜಾರಲು ಶುರು. ಮೇಲಿನ ರಾಡು ಮಾತ್ರ ಉತ್ಸಾಹದಿಂದ ತಿರುಗುತ್ತಿದೆ! 2.4 ಮೀಟರ್ ಹಲಗೆ, 20 ಸೆಂ.ಮೀ. ಎತ್ತರ. ಕೆಳಗೆ ಕೈ ಕೊಟ್ಟು ಹಿಡಿದೆ. ಬಫರ್ ಒಂದು ಬಗ್ಗಿದೆ, ನನ್ನ ಹೆಬ್ಬೆರಳು ಊದಿದೆ.

ನೀವು ಗೆದ್ದಿರಿ ಸರ್.

ಕುನ್ನೂರು ಮಂಜು

ಬೆರಳು ಹುಷಾರು. ಅಸಲಿ ಎಂಜಿನ್ನಿನಲ್ಲಿ ನಾಲ್ಕು ಥರದ ಬ್ರೇಕ್ ಇದೆ, ಗೊತ್ತಲ್ವಾ? ಕೈ ಬ್ರೇಕ್, ವ್ಯಾಕ್ಯೂಮ್ ಬ್ರೇಕ್, ಸಿಲಿಂಡರಿನಲ್ಲೇ ಗಾಳಿ ಒತ್ತಿ ತಡೆಯುವ ಬ್ರೇಕ್, ಹಲ್ಲಿನ ಚಕ್ರಕ್ಕೇ ಪಟ್ಟಿ ಬಿಗಿಯುವ ಬ್ಯಾಂಡ್ ಬ್ರೇಕ್. ಅದು ಸಾಲದು ಅಂತ ಬೋಗಿಗಳ ಮೇಲೂ ಬ್ರೇಕ್ಸ್‌ಮನ್ ನಿಂತಿರುತ್ತಾರೆ. ಕಿಟಕಿಯಿಂದ ತಲೆ ಹಾಕಿದರೆ ಬೈಯುವವರು ಅವರೇ.

ಟೂಲ್‌ರೂಮ್ ತಾತ

ಬ್ಯಾಂಡ್ ಬ್ರೇಕ್. ಅದೇ ಬೇಕಾಗಿರುವುದು. ಹಲ್ಲಿನ ಚಕ್ರದ ಶಾಫ್ಟಿಗೆ ಒಂದು ಸಣ್ಣ ಡ್ರಮ್ ತಿರುವಿ ಕೂರಿಸು. ಸುತ್ತಲೂ ತೆಳು ಹಿತ್ತಾಳೆ ಪಟ್ಟಿ, ಒಳಗೆ ಫೆಲ್ಟ್ ಅಂಟಿಸು. ಒಂದು ತುದಿ ಫ್ರೇಮಿಗೆ, ಇನ್ನೊಂದು ತುದಿ ಸ್ಪ್ರಿಂಗಿಗೆ. ಸ್ಪ್ರಿಂಗ್ ಯಾವಾಗಲೂ ಬಿಗಿದೇ ಇರಲಿ, ಬಿಡಿಸುವ ಕೆಲಸ ಮಾತ್ರ ಯಂತ್ರಕ್ಕೆ. ಕರೆಂಟು ಹೋದರೆ ತಾನಾಗಿಯೇ ಕಚ್ಚಬೇಕು. ಲಿಫ್ಟಿನ ಬ್ರೇಕ್ ಹಾಗೇ ಅಲ್ವಾ ಇರುವುದು.

ಸವಿ, ಶಿವಮೊಗ್ಗ

ಬಿಡಿಸಲು ಸರ್ವೋ ಬೇಡ ಅಣ್ಣ. ಕರೆಂಟು ಹೋದರೆ ಸರ್ವೋ ಇದ್ದಲ್ಲೇ ನಿಂತುಬಿಡುತ್ತದೆ, ತಾತ ಹೇಳಿದ್ದು ಆಗುವುದಿಲ್ಲ. 12 ವೋಲ್ಟಿನ ಪುಟ್ಟ ಸೊಲೆನಾಯ್ಡ್ ಹಾಕಿ, ಕರೆಂಟು ಕೊಟ್ಟರೆ ಸರಳು ಎಳೆದುಕೊಳ್ಳುವ ತಂತಿ ಸುರುಳಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ರಾಶಿ ಸಿಗುತ್ತದೆ. ಮೋಟಾರಿಗೆ ಹೋಗುವ ಕರೆಂಟನ್ನೇ ಅದಕ್ಕೂ ಕೊಡಿ, ನಡುವೆ ಒಂದು ಬ್ರಿಡ್ಜ್ ರೆಕ್ಟಿಫೈಯರ್, ಕರೆಂಟು ಯಾವ ದಿಕ್ಕಿನಿಂದ ಬಂದರೂ ಒಂದೇ ದಿಕ್ಕಿಗೆ ಕಳಿಸುವಂಥದ್ದು. ಹಿಂದೆ ಹೋದರೂ ಮುಂದೆ ಹೋದರೂ ಬಿಡಿಸಿಕೊಳ್ಳುತ್ತದೆ, ನಿಂತರೆ ಕಚ್ಚುತ್ತದೆ. ತೀರಾ ನಿಧಾನ ಓಡಿಸುವಾಗ ವೋಲ್ಟೇಜ್ ಸಾಲದೆ ಬ್ರೇಕ್ ಬಿಡದೇ ಇರಬಹುದು, ಅದೊಂದು ನೋಡಿಕೊಳ್ಳಿ.

ಹಲ್ಲುಹಳಿ (ಹತ್ತು ದಿನದ ನಂತರ)

ಡ್ರಮ್ 14 ಮಿ.ಮೀ. ಫೆಲ್ಟ್ ಬದಲು ಹಳೇ ಲೆದರ್ ಬೆಲ್ಟನ್ನು ಒಳಗಡೆಯಿಂದ ಸೀಳಿ ತೆಳ್ಳಗೆ ಮಾಡಿ ಅಂಟಿಸಿದೆ. ಫೆಲ್ಟ್ ಎಣ್ಣೆ ಕುಡಿದು ಜಾರುತ್ತಿತ್ತು. ಸೊಲೆನಾಯ್ಡ್ ಕೂತದ್ದು ಕಲ್ಲಿದ್ದಲು ಇರಬೇಕಾದ ಜಾಗದಲ್ಲಿ. ಮೇಲೆ ನಿಜವಾದ ಕಲ್ಲಿದ್ದಲಿನ ಪುಡಿ ಅಂಟಿಸಿ ಮುಚ್ಚುತ್ತೇನೆ.

ಸವಿ ಹೇಳಿದ ಹಾಗೇ ಆಯಿತು. 7 ವೋಲ್ಟಿನ ಕೆಳಗೆ ಬ್ರೇಕ್ ಬಿಡುವುದೇ ಇಲ್ಲ. ಸ್ಪ್ರಿಂಗಿನ ಎರಡು ಸುತ್ತು ಕತ್ತರಿಸಿ ಎಳೆದು ಸಡಿಲ ಮಾಡಿದೆ. ಈಗ 4ಕ್ಕೆ ಬಿಡುತ್ತದೆ.

ನಿನ್ನೆ ರಾತ್ರಿ ಬೇಕೆಂದೇ ಹಳಿಗೆ ಗ್ರೀಸು ಸವರಿದೆ. ಎರಡು ಬೋಗಿ, ಇಳಿಜಾರಿನ ಮಧ್ಯ, ಕರೆಂಟು ಆಫ್. ಕಾಲು ಹಲ್ಲಿನಷ್ಟು ಹಿಂದೆ ಬಂತು, ‘ಕಟ್’ ಅಂದಿತು, ನಿಂತಿತು. ಊಟ ಮುಗಿಸಿ ಬಂದು ನೋಡಿದೆ. ಅಲ್ಲೇ ಇದೆ.

ಜ್ಯೂರಿಕ್ ಸರ್, ಹತ್ತುವಾಗ ನನ್ನ ಹಲ್ಲಿನ ಚಕ್ರ ಸುಳ್ಳೇ. ಒಪ್ಪಿಕೊಂಡೆ. ಇಳಿಯುವಾಗ ಮಾತ್ರ ಸುಳ್ಳಲ್ಲ.

ಆಲ್ಪ್ಸ್ ಅಂಚಿನಿಂದ, ಜ್ಯೂರಿಕ್

ಅರ್ಧ ಒಪ್ಪಿದೆ. ಉಳಿದರ್ಧಕ್ಕೆ ಮುಂದಿನ ಎಂಜಿನ್ ಇದೆಯಲ್ಲ.

ಹಲ್ಲುಹಳಿ

ಮುಂದಿನದಾ! ಮನೆಯಲ್ಲಿ ಓದುತ್ತಾರೆ ಸರ್, ಮೆಲ್ಲಗೆ ಹೇಳಿ.

ಈಗ ಬಣ್ಣದ ಪ್ರಶ್ನೆ. ನನ್ನ ಹತ್ತು ಫೋಟೋದಲ್ಲಿ ಹತ್ತು ಥರದ ನೀಲಿ ಇದೆ. ಯಾವುದು ಸರಿ?

ಕುನ್ನೂರು ಮಂಜು

ಹತ್ತೂ ಸರಿ. ಪ್ರತಿ ಸಲ ಬಣ್ಣ ಹೊಡೆದಾಗಲೂ ಬೇರೆ ಥರ ಕಾಣುತ್ತದೆ, ಆಮೇಲೆ ಬಿಸಿ, ಮಸಿ, ಮಳೆ. ಗುರುವಾರ ಸ್ಟೇಷನ್ ಕಡೆ ಹೋಗುತ್ತೇನೆ. ನಿಮ್ಮ ಪೇಂಟ್ ಅಂಗಡಿಯ ಶೇಡ್ ಕಾರ್ಡ್ ಪೋಸ್ಟಿನಲ್ಲಿ ಕಳಿಸಿ, ಎಂಜಿನ್ ಪಕ್ಕ ಹಿಡಿದು ನೋಡಿ ನಂಬರು ಹೇಳುತ್ತೇನೆ. ಬೆಳಿಗ್ಗೆ ಬೇಡ, ಮಂಜಿರುತ್ತದೆ. ಮಧ್ಯಾಹ್ನ ನೋಡುತ್ತೇನೆ.